ಮೀನಿಗೆ ಔಷಧಿ ಹುಡುಕೋ ಮುಂಚೆ ನೀರು ನೋಡ್ರಿ

ಹೋದ ತಿಂಗಳು ರಾತ್ರಿ ಹತ್ತರ ಸುಮಾರಿಗೆ ಪಕ್ಕದೂರಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದ. ಪಡಸಾಲೆಯಲ್ಲಿ ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಎರಡೆರಡು ಅಡಿಯ ಎಂಟು ಗಾಜಿನ ತೊಟ್ಟಿ. ಗಪ್ಪಿ, ಮೋಲಿ, ಗೋಲ್ಡ್ ಫಿಶ್. ಎಲ್ಲವೂ ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಹಿಂದೆಯೇ ಅವನ ಧ್ವನಿ: "ಅಣ್ಣಾರ, ಯಾವ ಔಷಧಿ ಹಾಕ್ಲಿ, ಲಗೂನ ಹೇಳ್ರಿ."

ನಾನು ಫೋನ್ ನೋಡಿದ್ದು ಬೆಳಿಗ್ಗೆ ಐದೂವರೆಗೆ. ಅಷ್ಟರಲ್ಲಿ ಆರು ತೊಟ್ಟಿ ಖಾಲಿ. ಮೀನು ತಂದು ಹನ್ನೊಂದನೇ ದಿನ ಅದು. ದುಡ್ಡು ಅವನ ಅವ್ವ ಸ್ವಸಹಾಯ ಸಂಘದಲ್ಲಿ ತೆಗೆದ ಸಾಲ. ವಾರ ವಾರ ಕಂತು ಕಟ್ಟಬೇಕು. ಮೀನು ಸತ್ತವು ಅಂತ ಸಂಘದವರು ಕಂತು ಬಿಡುವುದಿಲ್ಲ.

ಅವನು ಮಾಡಿದ್ದನ್ನು ಕೇಳಿ. ಸಂಜೆ ನೀರು ಮಬ್ಬಾಗಿ ಕಂಡಿತು. ಪೂರ್ತಿ ನೀರು ಚೆಲ್ಲಿದ. ಗಾಜು ತಿಕ್ಕಿದ. ಸ್ಪಂಜ್ ಫಿಲ್ಟರನ್ನು ನಲ್ಲಿ ಕೆಳಗೆ ಹಿಡಿದು ಬಿಳಿಯಾಗುವ ತನಕ ಹಿಂಡಿದ. ಅವತ್ತೇ ಬೆಳಿಗ್ಗೆ ಪಂಚಾಯ್ತಿಯವರು ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು, ಅದೇ ನೀರು ತುಂಬಿದ. ನೀಲಿ ಔಷಧಿ ಹತ್ತತ್ತು ಹನಿ ಬಿಟ್ಟ. ಮೀನು ಸುಸ್ತಾಗಿವೆ ಅಂತ ಒಂದು ಚಿಟಿಕೆ ಫೀಡ್ ಹೆಚ್ಚಿಗೆ ಹಾಕಿದ. ಎಲ್ಲವೂ ಪ್ರೀತಿಯಿಂದಲೇ ಮಾಡಿದ್ದು. ಒಂದೊಂದೂ ಮೀನನ್ನು ಕೊಲ್ಲುವ ಕೆಲಸವೇ ಆಗಿತ್ತು.

ಈ ವಾರ ತೋಟ ಬಿಟ್ಟು ಗಾಜಿನ ತೊಟ್ಟಿ ಬಗ್ಗೆ ಬರೆಯುತ್ತಿರುವುದು ಇದಕ್ಕೇ. ಅಲಂಕಾರಿಕ ಮೀನು ಸಾಕಿದರೆ ಮನೆಯಲ್ಲೇ ಕೂತು ದುಡಿಮೆ ಅನ್ನೋ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡುತ್ತಿವೆ. ಮೀನು ತೋರಿಸುತ್ತಾರೆ, ತೊಟ್ಟಿ ತೋರಿಸುತ್ತಾರೆ, ರೇಟ್ ಹೇಳುತ್ತಾರೆ. ನೀರಿನ ಮಾತೇ ಇಲ್ಲ. ನನ್ನ ಅಭಿಪ್ರಾಯ ಇಷ್ಟೇ: ನೀರು ಸಾಕೋದು ಕಲಿಯದೆ ಮೀನು ಸಾಕೋಕೆ ಸಾಲ ಮಾಡಬೇಡಿ.

ಓದಿದವನ ಕಥೆಯೂ ಅದೇ

ನಾನೇನು ಹುಟ್ಟಾ ಜಾಣನಲ್ಲ. 2020ರ ಲಾಕ್‌ಡೌನ್ ಮುಗಿದ ಮೇಲೆ ಮಗಳ ಹಟಕ್ಕೆ ತಿಳವಳ್ಳಿಯ ಮನೆಗೆ ಒಂದು ತೊಟ್ಟಿ ತಂದೆ. ಬೆಳಿಗ್ಗೆ ನೀರು ತುಂಬಿದೆ, ಮಧ್ಯಾಹ್ನ ಹನ್ನೆರಡು ಮೀನು ಬಿಟ್ಟೆ. ಒಂಬತ್ತು ದಿನದಲ್ಲಿ ಹತ್ತು ಸತ್ತವು. ಮಗಳು ಅತ್ತಳು. ಅಂಗಡಿಯವನು ಕೊಟ್ಟ ಮೀನೇ ಕೆಟ್ಟದ್ದು ಅಂತ ನಾನು ಬೈದುಕೊಂಡೆ.

ಆಮೇಲೆ ಅಟ್ಟದ ಮೇಲಿದ್ದ ಹಳೇ ಮಣ್ಣು ವಿಜ್ಞಾನದ ನೋಟ್ಸ್ ತೆಗೆದೆ. ಅಮೋನಿಯ, ನೈಟ್ರೈಟ್, ನೈಟ್ರೇಟ್. ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್. ತೋಟಗಾರಿಕೆ ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ನಂಬರ್ ತೆಗೆದದ್ದು. ಅದೇ ಪಾಠ ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು, ನನಗೆ ಕಾಣಲಿಲ್ಲ. ಹೊಲದ ಮಣ್ಣಿನಲ್ಲಿ ಇರೋದೇ ನೀರಿನಲ್ಲೂ ಇದೆ ಅನ್ನೋದು ಹೊಳೆಯಲಿಲ್ಲ.

ತೊಟ್ಟಿಯೊಳಗೆ ನಡೆಯೋದು ಏನು?

ಮೀನು ತಿನ್ನುತ್ತದೆ, ಕಿವಿರಿನಿಂದ ಅಮೋನಿಯ ಬಿಡುತ್ತದೆ. ಹಿಕ್ಕೆ ಮತ್ತು ಉಳಿದ ಆಹಾರ ಕೊಳೆತು ಇನ್ನಷ್ಟು ಅಮೋನಿಯ ಆಗುತ್ತದೆ. ಅಮೋನಿಯ ಮೀನಿನ ಕಿವಿರನ್ನು ಸುಡುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ರಕ್ತಕ್ಕೆ ಸೇರಿದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ಪಂಪ್ ಜೋರಾಗಿ ಓಡುತ್ತಿದ್ದರೂ ಮೀನು ಉಸಿರುಗಟ್ಟಿ ಸಾಯೋದು ಹೀಗೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆಯುತ್ತದೆ. ಗಿಡಕ್ಕಂತೂ ಅದೇ ಊಟ.

ಈ ಬ್ಯಾಕ್ಟೀರಿಯಾ ಇರೋದು ಹೆಚ್ಚಾಗಿ ನೀರಿನಲ್ಲಲ್ಲ. ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಗಾಜಿಗೆ ಅಂಟಿದ ಜಾರಿಕೆಯಲ್ಲಿ. ಹೊಸ ತೊಟ್ಟಿಯಲ್ಲಿ ಅವು ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ನಾವು ಮೊದಲ ದಿನವೇ ಇಪ್ಪತ್ತೈದು ಮೀನು ಬಿಟ್ಟರೆ ಹೇಗಾಗುತ್ತದೆ? ಸೆಪ್ಟಿಕ್ ಟ್ಯಾಂಕ್ ಕಟ್ಟಿಸದೆ ಮನೆ ತುಂಬಾ ನೆಂಟರನ್ನು ಕರೆದಂತೆ.

ಒಂದು ಸಣ್ಣ ಲೆಕ್ಕ ನೋಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಪೂರ್ತಿ ತುಂಬಿದರೆ 56 ಲೀಟರ್. ಕಲ್ಲು, ಮೇಲಿನ ಜಾಗ ಬಿಟ್ಟರೆ 45 ಲೀಟರ್ ಅನ್ನಿ. ಮೀನಿನ ಆಹಾರದಲ್ಲಿ 40 ಭಾಗ ಪ್ರೋಟೀನ್ ಇದ್ದರೆ ಒಂದು ಗ್ರಾಂ ಆಹಾರದಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕ ಇರುತ್ತದೆ. ಆ ಒಂದು ಗ್ರಾಂ ತಿನ್ನದೆ ಬಿದ್ದು ಪೂರ್ತಿ ಕೊಳೆತರೆ ಲೀಟರಿಗೆ 1.4 ಮಿಲಿಗ್ರಾಂ ಅಮೋನಿಯ ಸಾರಜನಕ. ಕಿಟ್‌ನಲ್ಲಿ ಅಮೋನಿಯ ಸೊನ್ನೆ ತೋರಿಸಬೇಕು. ಒಂದೇ ಒಂದು ಗ್ರಾಂ ಹೆಚ್ಚಾದರೆ ಇಷ್ಟು ಕೆಲಸ ಕೆಡುತ್ತದೆ.

ಇದರ ಜೊತೆ ಪಿಎಚ್ ಸೇರುತ್ತದೆ. ನಮ್ಮಲ್ಲಿ ನೀರಿನ ಬಿಸಿ 27-28 ಡಿಗ್ರಿ ಇರುತ್ತದೆ. ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ನಿಜವಾದ ವಿಷದ ರೂಪ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಪಿಎಚ್ 8 ಆದರೆ ಆರು ಪಾಲಿನ ಸುಮಾರು. 9 ಆದರೆ ನಲವತ್ತರ ಹತ್ತಿರ. ಅದಕ್ಕೇ "ನಮ್ಮ ಗೆಳೆಯನ ತೊಟ್ಟಿಯಲ್ಲೂ ಇಷ್ಟೇ ಅಮೋನಿಯ ಇತ್ತು, ಅವನ ಮೀನಿಗೆ ಏನೂ ಆಗಲಿಲ್ಲ" ಅನ್ನೋ ಮಾತು ನಡೆಯೋದಿಲ್ಲ. ಅವನ ನೀರು ಬೇರೆ, ನಿಮ್ಮ ನೀರು ಬೇರೆ.

ನಮ್ಮ ಕಡೆ ಸಿಗೋ ನೀರು

ಹಾನಗಲ್ ತಾಲ್ಲೂಕು ಮಲೆನಾಡಿನ ಅಂಚು. ಮಳೆಗಾಲದಲ್ಲಿ ಮಳೆನೀರು ಬೇಕಾದಷ್ಟು, ಬೇಸಿಗೆಯಲ್ಲಿ ಬೋರೇ ಗತಿ. ಮೀನಿನ ಲೆಕ್ಕದಲ್ಲಿ ಒಂದೊಂದು ನೀರಿನ ಗುಣ ಒಂದೊಂದು.

ಬೋರ್ ನೀರು: ಎಷ್ಟೋ ಕಡೆ ಗಡಸು. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರಬಹುದು. ನೇರವಾಗಿ ತೊಟ್ಟಿಗೆ ಬಿಡಬೇಡಿ. ಡ್ರಮ್ಮಿಗೆ ಹಿಡಿದು ಒಂದು ದಿನ ಗಾಳಿ ಪಂಪ್ ಓಡಿಸಿ, ಆಮೇಲೆ ಪಿಎಚ್ ನೋಡಿ. ಗಾಳಿ ಆಡಿದ ಮೇಲೆ ಪಿಎಚ್ ಮೇಲೇರುವುದು ಸಾಮಾನ್ಯ. ಗಡಸು ನೀರು ಕೆಟ್ಟದ್ದು ಅಂತಲ್ಲ. ಗಪ್ಪಿ, ಮೋಲಿ, ಪ್ಲಾಟಿಗೆ ಅದೇ ಹಿತ. ಅಮೆಜಾನ್ ಕಡೆಯ ನಿಯಾನ್ ಟೆಟ್ರಾಗೆ ಮೆದು ನೀರು ಬೇಕು. ಹೊಲದ ಮಣ್ಣು ನೋಡಿ ಬೆಳೆ ಆರಿಸುತ್ತೇವಲ್ಲ, ಹಾಗೆಯೇ ನೀರು ನೋಡಿ ಮೀನು ಆರಿಸಿ.

ನಲ್ಲಿ ನೀರು: ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಮೀನಿನ ಕಿವಿರನ್ನೂ ಕೊಲ್ಲುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಾಯಿ ತೆರೆದ ಪಾತ್ರೆಯಲ್ಲಿ ಗಾಳಿ ಆಡಿಸುತ್ತಾ 24 ತಾಸು ಇಟ್ಟರೆ ಹೋಗುತ್ತದೆ. ಅವಸರ ಇದ್ದರೆ ಅಂಗಡಿಯಲ್ಲಿ ಸಿಗೋ ಆಂಟಿಕ್ಲೋರಿನ್, ಅಂದರೆ ಸೋಡಿಯಂ ಥಯೋಸಲ್ಫೇಟ್. ನಾನು ಸಾವಯವ ಬೆಳೆಗಾರ, ಆದರೂ ಇದನ್ನು ಮನೆಯಲ್ಲಿ ಇಟ್ಟಿದ್ದೇನೆ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಶುದ್ಧ ನೀರಿನ ಘಟಕದ ನೀರು: ನಾಣ್ಯ ಹಾಕಿ ಕೊಡ ತುಂಬಿಕೊಳ್ಳುವ ಆರ್‌ಒ ನೀರು. "ನಾವು ಕುಡಿಯೋದು ಮೀನಿಗೆ ಆಗಲ್ಲೇನ್ರಿ?" ಅಂತ ಕೇಳುತ್ತಾರೆ. ಬರೀ ಅದನ್ನೇ ಹಾಕಿದರೆ ಆಗೋದಿಲ್ಲ. ಅದರಲ್ಲಿ ಲವಣ ಬಹಳ ಕಡಿಮೆ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರಿನ ಕ್ಷಾರ ಗುಣವನ್ನು ಖರ್ಚು ಮಾಡುತ್ತವೆ. ಖರ್ಚಿಗೆ ಏನೂ ಇಲ್ಲದ ನೀರಿನಲ್ಲಿ ಪಿಎಚ್ ಒಮ್ಮೆಲೇ ಕುಸಿಯುತ್ತದೆ. ಮಳೆನೀರಿಗೂ ಇದೇ ಮಾತು. ನಾನು ಮಳೆಗಾಲದಲ್ಲಿ ಮೊದಲ ಎರಡು ಮೂರು ಮಳೆ ಬಿಟ್ಟು, ಹಂಚು ತೊಳೆದ ಮೇಲಿನ ನೀರು ಹಿಡಿದು, ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸುತ್ತೇನೆ.

ಜೀವಾಮೃತ ಹಾಕಬಹುದಾ?

ಈ ಪ್ರಶ್ನೆ ನನಗೆ ಮೂರು ಜನ ಕೇಳಿದ್ದಾರೆ. "ಬ್ಯಾಕ್ಟೀರಿಯಾ ಬೇಕು ಅಂತೀರಿ, ಜೀವಾಮೃತದಲ್ಲಿ ಕೋಟಿಗಟ್ಟಲೆ ಇರ್ತಾವಲ್ರಿ, ಒಂದು ಲೋಟ ಹಾಕಿದ್ರ?" ದಯವಿಟ್ಟು ಬೇಡ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, ಬೆಲ್ಲ, ಬೇಳೆ ಹಿಟ್ಟು ಹಾಕಿ ಮಾಡಿದ್ದು ಅದು. ಗಂಜಲದಲ್ಲಿ ಅಮೋನಿಯ ಸಿದ್ಧವಾಗಿಯೇ ಇರುತ್ತದೆ. ಬೆಲ್ಲ ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ತೊಟ್ಟಿಯ ಆಮ್ಲಜನಕ ಎಳೆದುಕೊಳ್ಳುತ್ತವೆ. 25 ಡಿಗ್ರಿಯ ನೀರು ಲೀಟರಿಗೆ ಎಂಟು ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿಯಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ. ಇರೋದೇ ಅಷ್ಟು. ಅದರಲ್ಲಿ ಪಾಲು ಕೇಳುವವರು ಹೆಚ್ಚಾದರೆ ಮೊದಲು ಸಾಯೋದು ಮೀನು.

ಇನ್ನು ಕೆಲವರು ವಾದ ಮಾಡುತ್ತಾರೆ: "ಕಾಟ್ಲಾ, ರೋಹು ಸಾಕೋ ಹೊಂಡಕ್ಕೆ ಸಗಣಿ ಹಾಕ್ತಾರಲ್ಲ, ಅಲ್ಲಿ ಸಾಯಲ್ಲೇನ್ರಿ?" ಒಳ್ಳೆ ಪ್ರಶ್ನೆ. ಹೊಂಡದಲ್ಲಿ ಲಕ್ಷಗಟ್ಟಲೆ ಲೀಟರ್ ನೀರಿದೆ, ತಳದಲ್ಲಿ ಮಣ್ಣಿದೆ, ಮೇಲೆ ಬಿಸಿಲಿದೆ. ಸಗಣಿಯ ಸಾರದಿಂದ ಪಾಚಿ ಬೆಳೆದು ಅಮೋನಿಯ ಎಳೆದುಕೊಂಡು ಹಗಲೆಲ್ಲ ಆಮ್ಲಜನಕ ಕೊಡುತ್ತದೆ. ಅಲ್ಲೂ ಸಗಣಿ ಹೆಚ್ಚಾದರೆ, ಮೋಡ ಮುಸುಕಿದ ದಿನದ ಮಾರನೇ ನಸುಕಿನಲ್ಲಿ ಮೀನು ಮೇಲೆ ತೇಲುತ್ತವೆ. ಹೊಂಡ ತಡೆದುಕೊಳ್ಳುವ ತಪ್ಪನ್ನು 45 ಲೀಟರಿನ ಗಾಜಿನ ಪೆಟ್ಟಿಗೆ ತಡೆದುಕೊಳ್ಳುವುದಿಲ್ಲ.

ಬ್ಯಾಕ್ಟೀರಿಯಾ ಬೇಗ ಬೇಕಾದರೆ ದಾರಿ ಇದೆ. ಮೂರು ತಿಂಗಳಿಂದ ಚೆನ್ನಾಗಿ ನಡೆಯುತ್ತಿರುವ, ರೋಗ ಇಲ್ಲದ ತೊಟ್ಟಿಯ ಸ್ಪಂಜನ್ನು ಹಿಂಡಿದ ನೀರು ತನ್ನಿ. ಇನ್ನೂ ಒಳ್ಳೆಯದು, ಆ ಸ್ಪಂಜಿನದೇ ಒಂದು ತುಂಡು. ಮೊಸರಿಗೆ ಹೆಪ್ಪು ಹಾಕಿದಂತೆ.

ಹೊಲದ ಕೈ ತೊಟ್ಟಿಗೆ ಇಡಬೇಡಿ

ರೈತರ ಮನೆಯ ತೊಟ್ಟಿಗೆ ಪಟ್ಟಣದ ತೊಟ್ಟಿಗಿಲ್ಲದ ಅಪಾಯ ಒಂದಿದೆ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್ ಥರದ ಕೀಟನಾಶಕ ಮೀನಿಗೆ ಅತಿ ವಿಷ. ಸಿಂಪರಣೆ ಮಾಡಿ ಬಂದ ಕೈಯಲ್ಲೇ ತೊಟ್ಟಿಯ ಪೈಪ್ ಸರಿ ಮಾಡಿದರೆ ಸಾಕು, ಹಾನಿ ಆಗಬಹುದು. ಅಡಿಕೆ ಕೊಳೆಗೆ ಬೋರ್ಡೋ ಮಾಡಿದ ಡ್ರಮ್ ತೊಳೆದು ಅದರಲ್ಲಿ ಮೀನಿನ ನೀರು ಹಿಡಿಯುವವರಿದ್ದಾರೆ. ಮೈಲುತುತ್ತದ ತಾಮ್ರ ಮೀನಿಗೆ ವಿಷ, ಮಳೆನೀರಿನಂಥ ಮೆದು ನೀರಿನಲ್ಲಿ ಇನ್ನೂ ಜಾಸ್ತಿ. ಸಾವಯವದವರೂ ಎದೆ ತಟ್ಟಿಕೊಳ್ಳಬೇಡಿ, ಬೇವಿನೆಣ್ಣೆಯೂ ಮೀನಿಗೆ ಹಿತವಲ್ಲ. ಮೀನಿಗೆ ಅಂತಲೇ ಒಂದು ಬಕೆಟ್, ಒಂದು ಮಗ್ಗ, ಒಂದು ಪೈಪ್ ಬೇರೆ ಇಡಿ. ಮೇಲೆ ಪೇಂಟಿನಲ್ಲಿ ಮೀನಿನ ಚಿತ್ರ ಬರೆಯಿರಿ. ನಮ್ಮನೆಯಲ್ಲಿ ಮಗಳು ಬರೆದಿದ್ದಾಳೆ. ಅವತ್ತಿನಿಂದ ನಮ್ಮವ್ವ ಆ ಬಕೆಟ್ಟಿಗೆ ಸರ್ಫ್ ಹಾಕಿಲ್ಲ.

ಕರೆಂಟ್ ಇನ್ನೊಂದು ತಲೆನೋವು. ಆಮ್ಲಜನಕ ಮೀನಿಗೆ ಮಾತ್ರವಲ್ಲ, ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಬೇಕು. ಅದಕ್ಕೇ ದುಬಾರಿ ಮುಚ್ಚಿದ ಫಿಲ್ಟರಿಗಿಂತ ಗಾಳಿ ಪಂಪಿನ ಸ್ಪಂಜ್ ಫಿಲ್ಟರೇ ಹಳ್ಳಿಗೆ ಸರಿ ಅಂತ ನನ್ನ ಲೆಕ್ಕ. ಒಂದು ಬ್ಯಾಟರಿ ಗಾಳಿ ಪಂಪ್ ಇಟ್ಟುಕೊಳ್ಳಿ. ಕರೆಂಟ್ ಇಲ್ಲದ ಹೊತ್ತು ಆಹಾರ ಹಾಕಬೇಡಿ. ದೊಡ್ಡ ಮೀನು ಒಂದು ದಿನ ತಿನ್ನದಿದ್ದರೆ ಸಾಯುವುದಿಲ್ಲ.

ತೊಟ್ಟಿ ನೀರು ಗೊಬ್ಬರವಾ?

ವಾರಕ್ಕೊಮ್ಮೆ ತೆಗೆದ ನೀರನ್ನು ಕುಂಡಕ್ಕೆ ಹಾಕಿ, ಒಳ್ಳೆಯದು. ಆದರೆ ಅದನ್ನು "ದ್ರವ ಬಂಗಾರ" ಅಂತ ಹೊಗಳುವ ವಿಡಿಯೊ ನಂಬಬೇಡಿ. ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇರುವ 12 ಲೀಟರ್ ನೀರಿನಲ್ಲಿ ಇರೋ ಸಾರಜನಕ ಹತ್ತಿರ ಹತ್ತಿರ ಕಾಲು ಗ್ರಾಂ ಯೂರಿಯಾಕ್ಕೆ ಸಮ. ತಳದ ಕೆಸರು ಸೇರಿದರೆ ಸ್ವಲ್ಪ ಹೆಚ್ಚು. ನಾಲ್ಕು ಕುಂಡದ ಕರಿಬೇವು, ಪುದೀನಾಕ್ಕೆ ಖುಷಿ. ಎಕರೆ ಲೆಕ್ಕ ಬೇಡ. ಉಪ್ಪು, ಔಷಧಿ ಹಾಕಿದ ನೀರನ್ನು ಗಿಡಕ್ಕೂ ಹಾಕಬೇಡಿ.

ಕೆರೆಗಂತೂ ಯಾವ ಮೀನನ್ನೂ ಬಿಡಬೇಡಿ. ಬೇಸರ ಬಂತು, ಮೀನು ದೊಡ್ಡದಾಯ್ತು, "ಪಾಪ, ಕೆರೆಗೆ ಬಿಡೋಣ" ಅನ್ನೋದು ಪುಣ್ಯದ ಕೆಲಸವಲ್ಲ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಹೀಗೆ ಬಿಟ್ಟದ್ದೇ ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಮನೆ ಮಾಡಿ, ಮೀನುಗಾರರ ಬಲೆ ಹರಿಯುತ್ತಿದೆ. ನಮ್ಮ ತಾಲ್ಲೂಕು ಕೆರೆಗಳ ತಾಲ್ಲೂಕು. ಶಾಂತೇಶ್ವರ ಗುಡಿ ಕಟ್ಟಿದ 13ನೇ ಶತಮಾನದ ಜನರ ಕಾಲದಿಂದಲೂ ಈ ಸೀಮೆ ಕೆರೆ ನಂಬಿಕೊಂಡೇ ಭತ್ತ ಬೆಳೆದಿದೆ. ಬೇಡವಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಇನ್ನೊಬ್ಬ ಸಾಕುವವನಿಗೆ ಕೊಡಿ.

ಸಾಲಕ್ಕೆ ಮುಂಚೆ ಒಂದು ತೊಟ್ಟಿ

ಅಲಂಕಾರಿಕ ಮೀನು ಉಪಕಸುಬಾಗಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಾಡಿ ಬದುಕಿದವರಿದ್ದಾರೆ. ಆದರೆ ಎಂಟು ತೊಟ್ಟಿಗೆ ಮುಂಚೆ ಒಂದು ತೊಟ್ಟಿ, ಅದೂ ಮೂರು ತಿಂಗಳು. ಸರಿಯಾಗಿ ನಡೆದರೆ ಮುಂದಿನ ಮಾತು. ಕ್ರಮ ಹೀಗಿರಲಿ:

1. ತೊಟ್ಟಿಯ ಜೊತೆಗೇ ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್ ಅಳೆಯುವ ದ್ರವದ ಟೆಸ್ಟ್ ಕಿಟ್ ಕೊಳ್ಳಿ. ಬಣ್ಣದ ಕಲ್ಲು, ಲೈಟು ಆಮೇಲೆ. ಕಿಟ್‌ಗೆ ದುಡ್ಡು ಇಲ್ಲ ಅಂದರೆ ಮೀನಿಗೂ ಇಲ್ಲ ಅಂತಲೇ ತಿಳಿಯಿರಿ.

2. ಮೀನು ಇಲ್ಲದೆ ಫಿಲ್ಟರ್ ಓಡಿಸಿ. ದಿನಾ ಒಂದು ಸಣ್ಣ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಡಿ. ಮೂರು ದಿನಕ್ಕೊಮ್ಮೆ ಅಳೆದು ದಿನಾಂಕದ ಜೊತೆ ಮೊಬೈಲಿನಲ್ಲಿ ಬರೆದಿಡಿ. ಅಮೋನಿಯ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾಗಿ ನೈಟ್ರೇಟ್ ಕಂಡರೆ ನೀರು ತಯಾರು.

3. ಮೊದಲು ನಾಲ್ಕೈದು ಮೀನು ಮಾತ್ರ. ಎರಡು ವಾರ ಬಿಟ್ಟು ಇನ್ನು ನಾಲ್ಕೈದು. ತಂದ ಕವರನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ತೊಟ್ಟಿ ನೀರು ಸೇರಿಸಿ, ಮೀನನ್ನು ಮಾತ್ರ ಬಿಡಿ, ಕವರಿನ ನೀರು ಬೇಡ.

4. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಉಳಿದರೆ ತೆಗೆಯಿರಿ.

5. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಪೂರ್ತಿ ಯಾವತ್ತೂ ಬೇಡ. ಹೊಸ ನೀರಿನ ಬಿಸಿ, ಪಿಎಚ್ ಹಳೆಯದರ ಹತ್ತಿರ ಇರಲಿ.

6. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ಹಿಂಡಿ. ನಲ್ಲಿ ಕೆಳಗೆ ಬೇಡ, ಸೋಪು ಬೇಡ. ಅದು ನಿಮ್ಮ ಎರೆಹುಳ ತೊಟ್ಟಿ ಇದ್ದ ಹಾಗೆ.

7. ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಮೊದಲು ಅಳೆಯಿರಿ. ಅಮೋನಿಯ ಅಥವಾ ನೈಟ್ರೈಟ್ ಕಂಡರೆ ಆಹಾರ ನಿಲ್ಲಿಸಿ, ಕ್ಲೋರಿನ್ ತೆಗೆದ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ, ಗಾಳಿ ಹೆಚ್ಚಿಸಿ. ನೈಟ್ರೈಟ್ ಇದ್ದರೆ ಲೀಟರಿಗೆ ಅರ್ಧ ಗ್ರಾಂ ಉಪ್ಪು ಕರಗಿಸಿ ಹಾಕಿದರೆ ಮೀನಿಗೆ ಆಸರೆ. ನೀಲಿ ಔಷಧಿ ಬೇಡ, ಅದು ಬ್ಯಾಕ್ಟೀರಿಯಾಕ್ಕೂ ಹೊಡೆತ.

ನಮ್ಮಲ್ಲಿ ಗಿಡ ಹಳದಿ ಆದ ಕೂಡಲೇ ಅಂಗಡಿಗೆ ಓಡಿ ಬಾಟಲಿ ತರುವ ರೂಢಿ ಬೆಳೆದಿದೆ. ಬೇರಿನ ಬುಡ ಅಗೆದು ನೋಡುವವರು ಕಡಿಮೆ. ಮೀನಿನಲ್ಲೂ ಅದೇ ರೂಢಿ ಬಂದಿದೆ. ಬಾಟಲಿ ಮಾರುವವನಿಗೆ ಇದರಿಂದ ನಷ್ಟವಿಲ್ಲ, ಕಂತು ಕಟ್ಟುವ ಅವ್ವನಿಗೆ ಇದೆ.

ಆ ಹುಡುಗ ಏನು ಮಾಡಿದ ಅಂತ ಕೇಳುತ್ತೀರಿ. ಆರು ತೊಟ್ಟಿ ಮಾರಿದ, ಅರ್ಧ ದುಡ್ಡು ಬಂತು. ಉಳಿದ ಮೀನನ್ನೆಲ್ಲ ನಮ್ಮ ಮನೆಗೆ ತಂದು ಬಿಟ್ಟಿದ್ದಾನೆ. ಉಳಿಸಿಕೊಂಡ ಎರಡರಲ್ಲಿ ಒಂದಕ್ಕೆ ನೀರು ತುಂಬಿ, ನಮ್ಮ ತೊಟ್ಟಿಯ ಸ್ಪಂಜ್ ತುಂಡು ಹಾಕಿ, ಇಪ್ಪತ್ತು ದಿನದಿಂದ ಓಡಿಸುತ್ತಿದ್ದಾನೆ. ಮೀನು ಒಂದೂ ಇಲ್ಲ. ಅವನ ಅವ್ವ ದಿನಾ ಬೈಯುತ್ತಾಳಂತೆ: "ಖಾಲಿ ನೀರಿಗೆ ಕರೆಂಟ್ ಸುಡ್ತೀಯಲ್ಲೋ ತಮ್ಮಾ!" ಮೊನ್ನೆ ಅವನು ಕಳಿಸಿದ ಫೋಟೊದಲ್ಲಿ ಅಮೋನಿಯ ಸೊನ್ನೆ, ನೈಟ್ರೈಟ್ ಇನ್ನೂ ನೇರಳೆ. ಇನ್ನು ಹತ್ತು ದಿನ ತಡಿ ಅಂದೆ. ಹೂಂ ಅಂದ.

ನೀವೂ ಸಮಸ್ಯೆ ಕೇಳುವಾಗ ಮೀನಿನ ಫೋಟೊ ಜೊತೆ ಟೆಸ್ಟ್ ಕಿಟ್‌ನ ಫೋಟೊ ಕಳಿಸಿ. ನೀರು ಯಾವುದು, ತೊಟ್ಟಿ ತುಂಬಿ ಎಷ್ಟು ದಿನ ಆಯಿತು ಅನ್ನೋದನ್ನೂ ಬರೆಯಿರಿ. ಬರೀ ಮೀನು ನೋಡಿ ನಾನು ಏನೂ ಹೇಳಲಾರೆ.